ಹಳೆಯ ಸ್ಟೇಷನ್ ವ್ಯಾಗನ್‌ಗಳನ್ನು ಹಿಂಬದಿಯಿಂದ ನೋಡುವ ಕ್ರಮ

ಬೇಸಿಗೆಯ ವಾರಾಂತ್ಯಗಳಲ್ಲಿ ಅಮೆರಿಕದ ಅನೇಕ ಊರುಗಳ ಶಾಲಾ ಮೈದಾನದಲ್ಲೋ ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದಲ್ಲೋ ಹಳೆಯ ಕಾರುಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು, ಮಕ್ಕಳನ್ನು ನೋಡಲು ಹೋಗಿರುವ ತಂದೆತಾಯಂದಿರನ್ನೂ ಕರೆದುಕೊಂಡು ಒಂದು ಬೆಳಿಗ್ಗೆಯನ್ನು ಇದಕ್ಕಾಗಿ ತೆಗೆದಿಡಬಹುದು. ಜನ ಸಾಮಾನ್ಯವಾಗಿ ಸ್ಪೋರ್ಟ್ಸ್ ಕಾರುಗಳ ಸುತ್ತ ಸೇರುತ್ತಾರೆ. ಆದರೆ ಮಕ್ಕಳನ್ನು, ನಾಯಿಯನ್ನು, ಮನೆಯ ಸಾಮಾನನ್ನು ಹೊತ್ತು ದುಡಿದು, ಸವೆದ ಮೇಲೆ ಯಾರ ಗಮನಕ್ಕೂ ಬಾರದೆ ಗುಜರಿ ಸೇರಿದ ಸ್ಟೇಷನ್ ವ್ಯಾಗನ್‌ಗಳಲ್ಲಿ (ಛಾವಣಿಯು ಹಿಂದಿನ ತುದಿಯವರೆಗೂ ಚಾಚಿದ್ದು, ಹಿಂಬಾಗಿಲಿನಿಂದ ಸಾಮಾನು ಹೇರುವ ಕಾರುಗಳು) ಉಳಿದಿರುವವು ಕಡಿಮೆ. ಆದ್ದರಿಂದ ಒಂದು ಕಣ್ಣಿಗೆ ಬಿದ್ದರೂ ಅದರ ಮುಂದೆ ನಿಧಾನವಾಗಿ ನಿಲ್ಲುವುದು ಯೋಗ್ಯ. ಮುಂಭಾಗವು ಬಹುಮಟ್ಟಿಗೆ ಅದೇ ಕಂಪನಿಯ ಸೆಡಾನಿನದೇ ಆಗಿರುವುದರಿಂದ, ನೋಟವನ್ನು ಹಿಂಬದಿಯಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಸಿಲೇರುವ ಮೊದಲೇ ಹೋಗಿ. ಬ್ಯಾಗಿನ ಕೊಂಡಿ, ಬೆಲ್ಟಿನ ಬಕಲ್ ಬಣ್ಣಕ್ಕೆ ತಾಗದಂತೆ ಒಂದು ಮಾರು ದೂರ ನಿಲ್ಲಿ. ಕೇಳದೆ ಯಾವುದನ್ನೂ ಮುಟ್ಟಬೇಡಿ. ಮುಂಗಾಜಿನ ಹಿಂದೆ ಇಟ್ಟಿರುವ ಚೀಟಿಯಲ್ಲಿ ಸಾಮಾನ್ಯವಾಗಿ ವರ್ಷ ಮತ್ತು ಮಾದರಿಯ ಹೆಸರು ಇರುತ್ತವೆ.

ಮೊದಲು ಮರವನ್ನು ಪರಿಶೀಲಿಸಿ. ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಪೆಟ್ಟಿಗೆಗಳನ್ನೂ ಸಾಗಿಸುತ್ತಿದ್ದ ಮೊದಲ ವ್ಯಾಗನ್‌ಗಳ ಮೈಯನ್ನು ಮರದಿಂದಲೇ ಕಟ್ಟಲಾಗುತ್ತಿತ್ತು. ಫೋರ್ಡ್ ಕಂಪನಿಯು 1929ರಲ್ಲಿ ಮಾಡೆಲ್ ಎ ಸ್ಟೇಷನ್ ವ್ಯಾಗನ್ನನ್ನು ಮಾರುಕಟ್ಟೆಗೆ ತಂದಾಗ, ಅದಕ್ಕೆ ಬೇಕಾದ ಮರ ಮಿಶಿಗನ್ನಿನ ಐರನ್ ಮೌಂಟನ್‌ನಲ್ಲಿದ್ದ ಕಂಪನಿಯ ಸ್ವಂತ ಕಾರ್ಖಾನೆಯಿಂದ ಬರುತ್ತಿತ್ತು. ನಿಜವಾದ ಮರವಾಗಿದ್ದರೆ ಚೌಕಟ್ಟಿಗೆ ದಪ್ಪವಿರುತ್ತದೆ. ಅಡ್ಡಪಟ್ಟಿ ಉದ್ದಪಟ್ಟಿಗಳು ಕೂಡುವ ಸಂದಿನಲ್ಲಿ ಎಳೆಗಳ ದಿಕ್ಕು ಬದಲಾಗುತ್ತದೆ. ಬಗ್ಗಿ ನೋಡಿದರೆ ವಾರ್ನಿಷ್‌ನ ಹೊಳಪಿನ ಕೆಳಗೆ ಬಡಗಿಯ ಕೆಲಸ ಸ್ಪಷ್ಟವಾಗಿ ಕಾಣಿಸುತ್ತದೆ. ಫೋರ್ಡ್ ಕಂಟ್ರಿ ಸ್ಕ್ವೈರ್ 1952ರಲ್ಲಿ ಉಕ್ಕಿನ ಮೈಗೆ ಬದಲಾದಾಗ ಮರದ ಹಲಗೆಗಳ ಜಾಗಕ್ಕೆ ಮರದ ನಮೂನೆ ಮುದ್ರಿಸಿದ ಡೈ-ನಾಕ್ ಎಂಬ ಹಾಳೆ ಬಂದಿತು. ಈ ಹಾಳೆಯು ಬಿಸಿಲಿಗೆ ಮಾಸುತ್ತದೆ, ಬಿರುಕು ಬಿಡುತ್ತದೆ, ಅಂಚಿನಲ್ಲಿ ಏಳುತ್ತದೆ. ಅಮೆರಿಕದಲ್ಲಿ ಸಾಲಾಗಿ ತಯಾರಾದ ಅಪ್ಪಟ ಮರದ ಮೈಯ ವ್ಯಾಗನ್‌ಗಳಲ್ಲಿ ಕೊನೆಯವು 1953ರ ಬ್ಯೂಕ್ ಎಸ್ಟೇಟ್‌ಗಳು. ಬ್ರಿಟನ್ನಿನ ಮಾರಿಸ್ ಮೈನರ್ ಟ್ರಾವೆಲರ್ ಮಾತ್ರ 1953ರಿಂದ 1971ರವರೆಗೂ ಆಶ್ ಮರದ ಚೌಕಟ್ಟನ್ನು ಉಳಿಸಿಕೊಂಡಿತು. ಅದರ ಹಿಂಭಾಗದ ಭಾರವನ್ನು ಆ ಮರವೇ ಹೊರುತ್ತದೆಯಾದ್ದರಿಂದ ಕೆಳಗಿನ ಸಂದುಗಳಲ್ಲಿ ಕಪ್ಪು ಕಲೆ ಕಂಡರೆ ನೀರು ಇಳಿದು ಕೊಳೆಯಲು ಆರಂಭಿಸಿದೆ ಎಂದು ತಿಳಿಯಬೇಕು. ಹಾಗೆಂದು ಉಕ್ಕಿನ ಮೈಯನ್ನು ಕಡೆಗಣಿಸಬೇಕಾಗಿಲ್ಲ. ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸಗೊಳಿಸಿದ 1946ರ ವಿಲ್ಲಿಸ್ ಜೀಪ್ ವ್ಯಾಗನ್ ಪೂರ್ತಿ ಉಕ್ಕಿನದಾಗಿದ್ದರೂ, ಬಣ್ಣದ ಮೂಲಕ ಮರದ ಹಲಗೆಗಳ ನೆನಪನ್ನು ಉಳಿಸಿಕೊಂಡಿತ್ತು.

ನಂತರ ಹಿಂಬಾಗಿಲಿನ ಬಳಿಗೆ ಬನ್ನಿ. ಎಂಜಿನಿಯರುಗಳು ತಮ್ಮ ಕಲ್ಪನೆಯನ್ನೆಲ್ಲ ಸುರಿದಿರುವುದು ಇಲ್ಲಿ. ಸಾಮಾನು ಹೇರಲು ಬಾಗಿಲು ಕೆಳಕ್ಕೆ ಮಡಚಬೇಕು, ಮಕ್ಕಳು ಹತ್ತಿ ಇಳಿಯಲು ಪಕ್ಕಕ್ಕೆ ತೆರೆಯಬೇಕು. ಈ ಎರಡನ್ನೂ ಒಂದೇ ಬಾಗಿಲಿನಲ್ಲಿ ಸಾಧಿಸಿದ್ದು 1966ರ ಫೋರ್ಡ್ ವ್ಯಾಗನ್‌ಗಳ ಮ್ಯಾಜಿಕ್ ಡೋರ್‌ಗೇಟ್. ಜನರಲ್ ಮೋಟರ್ಸ್‌ನ 1971ರಿಂದ 1976ರವರೆಗಿನ ದೊಡ್ಡ ವ್ಯಾಗನ್‌ಗಳಲ್ಲಿ ಗಾಜು ಮೇಲಕ್ಕೆ ಸರಿದು ಛಾವಣಿಯೊಳಗೆ ಸೇರುತ್ತದೆ, ಕೆಳಗಿನ ಬಾಗಿಲು ನೆಲದಡಿಗೆ ಜಾರಿ ಮರೆಯಾಗುತ್ತದೆ. ಇದು ನಿಂತ ಕಾರನ್ನು ನೋಡಿದರೆ ಅರ್ಥವಾಗದು. ಆದ್ದರಿಂದ ಮಾಲೀಕರು ಬಿಡುವಾಗಿರುವುದನ್ನು ಗಮನಿಸಿ, ಹಿಂಬಾಗಿಲನ್ನು ಒಮ್ಮೆ ತೆರೆದು ತೋರಿಸುವಿರಾ ಎಂದು ವಿನಯದಿಂದ ಕೇಳಿ. ಇಂತಹ ಪ್ರಶ್ನೆ ಕೇಳಿದವರಿಗೆ ಮಾಲೀಕರು ಸಂತೋಷದಿಂದ ಮೂರನೆಯ ಸಾಲಿನ ಆಸನವನ್ನೂ ಬಿಡಿಸಿ ತೋರಿಸುವುದುಂಟು. ಕೆಲವು ಮಾದರಿಗಳಲ್ಲಿ ಅದು ಹಿಮ್ಮುಖವಾಗಿರುತ್ತದೆ. ಅಲ್ಲಿ ಕುಳಿತ ಮಕ್ಕಳು ದಾರಿಯುದ್ದಕ್ಕೂ ಹಿಂದಿನ ವಾಹನಗಳನ್ನೇ ನೋಡುತ್ತ ಸಾಗುತ್ತಿದ್ದರು.

ಛಾವಣಿಯನ್ನು ಮರೆಯಬೇಡಿ. 1955ರಿಂದ 1957ರವರೆಗಿನ ಎರಡು ಬಾಗಿಲಿನ ಶೆವರ್ಲೆ ನೊಮ್ಯಾಡ್‌ನ ಛಾವಣಿಯ ಹಿಂಭಾಗದಲ್ಲಿ ಅಡ್ಡಗೆರೆಗಳಿದ್ದು, ಹಿಂಬಾಗಿಲಿನ ಮೇಲೆ 7 ಕ್ರೋಮ್ ಪಟ್ಟಿಗಳು ಲಂಬವಾಗಿ ಇಳಿಯುತ್ತವೆ. ಇದರ ರೂಪ ಜನರಲ್ ಮೋಟರ್ಸ್ 1954ರಲ್ಲಿ ನಡೆಸಿದ ಮೋಟೊರಾಮಾ ಎಂಬ ಕಾರು ಪ್ರದರ್ಶನದಲ್ಲಿದ್ದ ಕಾರ್ವೆಟ್ ನೊಮ್ಯಾಡ್‌ನಿಂದ ಬಂದದ್ದು. ನನ್ನ ಕಣ್ಣಿಗೆ ಇದಕ್ಕಿಂತ ಸುಂದರವಾದ ವ್ಯಾಗನ್ ಇಲ್ಲ. 1964ರ ಓಲ್ಡ್ಸ್‌ಮೊಬೀಲ್ ವಿಸ್ಟಾ ಕ್ರೂಸರ್‌ನ ಛಾವಣಿಯಲ್ಲಿ ಗಾಜಿನ ಕಿಟಕಿಗಳಿವೆ. ಸ್ಟುಡಿಬೇಕರ್ ವ್ಯಾಗನೇರ್‌ನ ಛಾವಣಿಯ ಹಿಂದಿನ ತುಂಡು ಮುಂದಕ್ಕೆ ಸರಿಯುವುದರಿಂದ ಎತ್ತರದ ಸಾಮಾನನ್ನು ನಿಲ್ಲಿಸಿಯೇ ಸಾಗಿಸಬಹುದಿತ್ತು. ಹೊಸದಿದ್ದಾಗಲೇ ಅದರಲ್ಲಿ ಮಳೆನೀರು ಸೋರುತ್ತದೆಂಬ ದೂರುಗಳಿದ್ದವು; ಈಗ ಹೇಗೆ ತಡೆದಿದ್ದಾರೆಂದು ಮಾಲೀಕರನ್ನು ಕೇಳಿದರೆ ಒಳ್ಳೆಯ ಮಾತುಕತೆ ಬೆಳೆಯುತ್ತದೆ.

ಸಾಲಿನ ಕೊನೆಯಲ್ಲಿ 1990ರ ದಶಕದ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಕಂಡರೆ, ಇದೇನು ಹಳೆಯದೇ ಎಂದು ಮುಂದೆ ಹೋಗಬೇಡಿ. 1984ರ ಮಾದರಿಯಾಗಿ ಬಂದ ಕ್ರೈಸ್ಲರ್ ಮಿನಿವ್ಯಾನ್‌ಗಳು ಸಂಸಾರಸ್ಥರನ್ನು ತಮ್ಮತ್ತ ಸೆಳೆದುಕೊಂಡ ಬಳಿಕವೂ ಇದು 1996ರವರೆಗೆ ತಯಾರಾಯಿತು. ಪಕ್ಕದಲ್ಲಿ ಮರದ ನಮೂನೆಯ ಹಾಳೆ, ಎರಡನೆಯ ಸಾಲಿನ ಮೇಲೆ ಗಾಜು, ಹಿಂದೆ ಹಿಮ್ಮುಖ ಆಸನ, 1994ರಿಂದ ಮುಂದಿನವುಗಳಲ್ಲಿ 260 ಅಶ್ವಶಕ್ತಿಯ 5.7 ಲೀಟರ್ ವಿ8 ಎಂಜಿನ್: ಇವಿಷ್ಟನ್ನೂ ಇದರಲ್ಲಿ ಒಟ್ಟಿಗೆ ನೋಡಬಹುದು. ಹಾಳೆಯು ಮೂಲದ್ದೋ, ಮತ್ತೆ ಅಂಟಿಸಿದ್ದೋ ಎಂದು ಬಾಗಿಲಿನ ಅಂಚಿನಲ್ಲಿ ಪರೀಕ್ಷಿಸಿ.