ಮುಳ್ಳು ನಡುವೆ ಇದೆ ಅಂತ ನಂಬಿ ಕೂರಬೇಡಿ: ಕಾರಿಗೆ ಹೆಚ್ಚುವರಿ ಮೀಟರ್ ಆರಿಸುವುದು ಹೇಗೆ?

ಮೇ ತಿಂಗಳು, ಮಧ್ಯಾಹ್ನದ ಹೊತ್ತು. ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದೆವು. ಎಸಿ ಓಡುತ್ತಿತ್ತು, ಟೆಂಪರೇಚರ್ ಮುಳ್ಳು ಎಂದಿನಂತೆ ನಟ್ಟನಡುವೆ. ಕೊಲ್ಹಾರ ಸೇತುವೆ ದಾಟುವಾಗ ನಮ್ಮ ಹಳೇ ಡೀಸೆಲ್ ಕಾರು ಎಳೆಯಲು ಒದ್ದಾಡಿತು, ಆಮೇಲೆ ನಿಂತೇಬಿಟ್ಟಿತು. ಬಾನೆಟ್ ಎತ್ತಿದರೆ ರೇಡಿಯೇಟರ್ ಪೈಪಿನ ಕ್ಲಿಪ್ ಸಡಿಲಾಗಿ ನೀರೆಲ್ಲ ಖಾಲಿ. ಮುಳ್ಳು ಆಗಲೂ ಕೆಂಪಿಗೆ ಹೋಗಿರಲಿಲ್ಲ. ನೋಡಲು ಬಂದ ಮಿಸ್ತ್ರಿ ನಕ್ಕ: "ಒಳಗ ನೀರ ಇಲ್ಲಂದ್ರ ಮುಳ್ಳು ಏನ್ ತೋರಸ್ಬೇಕ್ರೀ ಸರ?" ಸೆನ್ಸರ್ ನೀರಲ್ಲಿ ಮುಳುಗಿದ್ದರೆ ತಾನೇ ನೀರಿನ ಬಿಸಿ ಹೇಳುವುದು! ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಹೋಗಿತ್ತು. ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ, ಅಂದರೆ ಮೇಲ್ಮೈ ಸಮ ಮಾಡಿಸಿದ್ದಾಯಿತು.

ಅಂಗಡಿಯಲ್ಲಿ ಈಗ ಆರೇಳು ಬಗೆಯ ಮೀಟರ್ ಸಿಗುತ್ತವೆ, ನೀಲಿ ಬೆಳಕಿನವು ಬೇರೆ. ಕೊಳ್ಳುವ ಮುಂಚೆ ಪ್ರತಿಯೊಂದಕ್ಕೂ ಈ ಪ್ರಶ್ನೆ ಕೇಳಿ: ಇದರ ಮುಳ್ಳು ಅಲ್ಲಾಡಿದರೆ ನಾನು ಏನು ಮಾಡುತ್ತೇನೆ? ಉತ್ತರ ಗೊತ್ತಿಲ್ಲದಿದ್ದರೆ ಅದು ಬರೀ ಶೋಕಿ.

ಮೊದಲು, ಕಾರು ಈಗಾಗಲೇ ಏನು ಹೇಳುತ್ತಿದೆ ನೋಡಿ

ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ. 16 ಪಿನ್ನಿನ ಒಬಿಡಿ ಸಾಕೆಟ್ (ಕಾರಿನ ದೋಷ, ಅಂಕಿ ಓದುವ ಕಿಂಡಿ) ಇರಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಕಾರಾದರೆ ಇದ್ದೇ ಇರುತ್ತದೆ. ಅದಕ್ಕೊಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಕೂಲಂಟ್ (ರೇಡಿಯೇಟರ್ ನೀರು) ಎಷ್ಟು ಬಿಸಿ, ಬ್ಯಾಟರಿ ಎಷ್ಟು ವೋಲ್ಟ್ ಎಂಬುದೆಲ್ಲ ಮೊಬೈಲಿನಲ್ಲೇ ಅಂಕಿಯಲ್ಲಿ ಬರುತ್ತದೆ. ವಾರಂಟಿ ಇರುವ ಹೊಸ ಕಾರಿಗೆ ಇಷ್ಟು ಸಾಕು, ವೈರ್ ಕತ್ತರಿಸಬೇಡಿ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಅಡಾಪ್ಟರ್ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿದಿರುತ್ತದೆ. ಆಯಿಲ್ ಪ್ರೆಶರ್ ಮಾತ್ರ ಹೆಚ್ಚಿನ ಕಾರುಗಳಲ್ಲಿ ಇದರಲ್ಲಿ ಸಿಗುವುದಿಲ್ಲ.

ಬಿಸಿಯ ಮೀಟರ್

ಕಂಪನಿಯವರು ಕೊಟ್ಟ ಮುಳ್ಳು ಅನೇಕ ಕಾರುಗಳಲ್ಲಿ ಬೇಕಂತಲೇ ಮಂದ. 80 ಡಿಗ್ರಿ ಇದ್ದರೂ ನಡುವೆ, 100 ಇದ್ದರೂ ನಡುವೆ. ಸುಮ್ನೆ ಗಾಬರಿಯಾಗಿ ಯಾರೂ ಶೋರೂಮಿಗೆ ಓಡಿ ಬರಬಾರದಲ್ವಾ! ಅಂಕಿ ತೋರಿಸುವ ಮೀಟರ್‌ಗೆ ಈ ಸಂಕೋಚವಿಲ್ಲ. ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಒಳಗೆ ಓಡಾಡುತ್ತದೆ. ದಿನಾ 92 ಇರುವುದು ಇವತ್ತು 101 ಆದರೆ ಫ್ಯಾನ್, ಥರ್ಮೋಸ್ಟ್ಯಾಟ್ (ನೀರಿನ ಹರಿವು ನಿಯಂತ್ರಿಸುವ ವಾಲ್ವ್), ರೇಡಿಯೇಟರಿನ ಧೂಳು, ಇವನ್ನು ನೋಡಬೇಕು. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಹಿಂದೆ ಮೈಲುಗಟ್ಟಲೆ ತೆವಳುವ ಜಮಖಂಡಿ, ಮುಧೋಳದ ಕಡೆಯವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ನನ್ನ ಕಥೆ ನಿಮ್ಮದಾಗಬಾರದು ಎಂದರೆ, ಎಂಜಿನ್ನಿನ ಲೋಹಕ್ಕೇ ಬೋಲ್ಟ್ ಹಾಕಿ ಕೂರಿಸುವ ಸೆನ್ಸರ್ ಇರುವುದನ್ನು ಕೇಳಿ, ಬಜರ್ ಸಮೇತ. ನೀರು ಖಾಲಿಯಾದರೂ ಅದು ಲೋಹದ ಬಿಸಿ ಹೇಳುತ್ತದೆ. ಒಂದೇ ಮೀಟರಿಗೆ ದುಡ್ಡಿದ್ದರೆ ನಾನು ಇದನ್ನೇ ಹಾಕಿಸುತ್ತೇನೆ.

ಆಯಿಲ್ ಪ್ರೆಶರ್

ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆಡಬ್ಬಿ ದೀಪ ಹತ್ತುವುದು ಪ್ರೆಶರ್ (ಅಳೆಯುವುದು ಬಾರ್ ಲೆಕ್ಕದಲ್ಲಿ) ಸುಮಾರು ಅರ್ಧ ಬಾರ್‌ಗಿಂತ ಕೆಳಗೆ ಬಿದ್ದಾಗ. ಹೈವೇ ವೇಗದಲ್ಲಿ ಅಷ್ಟೊತ್ತಿಗೆ ಬೇರಿಂಗ್ ಕಥೆ ಮುಗಿದಿರಬಹುದು. ಬಿಸಿ ಎಂಜಿನ್ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) 1 ಬಾರ್ ಆಸುಪಾಸು, 3,000 ಆರ್‌ಪಿಎಂಗೆ 3 ಬಾರ್ ಸುತ್ತಮುತ್ತ ಇದ್ದರೆ ಬಹಳಷ್ಟು ಎಂಜಿನ್‌ಗಳಿಗೆ ನೆಮ್ಮದಿ. ನಿಮ್ಮ ಎಂಜಿನ್ನಿನ ಲೆಕ್ಕವನ್ನು ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ.

ಎಲೆಕ್ಟ್ರಿಕ್ ಮೀಟರನ್ನೇ ಕೊಳ್ಳಿ. ಹಳೇ ಮೆಕ್ಯಾನಿಕಲ್ ಮೀಟರಿನಲ್ಲಿ ಕುದಿಯುವ ಎಣ್ಣೆಯೇ ಸಣ್ಣ ಪೈಪಿನಲ್ಲಿ ನಿಮ್ಮ ಮೊಣಕಾಲ ಹತ್ತಿರ ಬರುತ್ತದೆ, ಪೈಪ್ ಬಿರುಕು ಬಿಟ್ಟರೆ ಏನಾಗುತ್ತದೆ ಯೋಚಿಸಿ. ಕಂಪನಿಯ ದೀಪದ ಸ್ವಿಚ್ ತೆಗೆಸಬೇಡಿ, ಟೀ ಜಾಯಿಂಟ್ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿಸಿ ಎರಡನ್ನೂ ಉಳಿಸಿಕೊಳ್ಳಿ.

ಎಡವಟ್ಟಾಗುವುದು ಇಲ್ಲೇ. ಮೀಟರ್ ಜತೆ ಬರುವ ಸೆನ್ಸರಿನ ಥ್ರೆಡ್ ಇಂಚಿಗೆ 27 ಸುತ್ತು ಇದ್ದು, ಎಂಜಿನ್ನಿನದು 28 ಇದ್ದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿ. ಒತ್ತಿ ತಿರುಗಿಸಿದರೆ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ಬೆಳಗಾವಿಯವರಿಗೆ ಒಂದು ಅನುಕೂಲ: ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದವರಿಗೆ ಬರವಿಲ್ಲ. ಹಳೇ ಸ್ವಿಚ್ ಮತ್ತು ಹೊಸ ಸೆನ್ಸರ್ ಎರಡನ್ನೂ ಕೈಗೆ ಕೊಟ್ಟರೆ ಥ್ರೆಡ್ ಅಳೆದು ಹಿತ್ತಾಳೆ ಅಡಾಪ್ಟರ್ ಮಾಡಿಕೊಡುತ್ತಾರೆ. ಸೆನ್ಸರ್ ತೂಕದ್ದಾದರೆ ಟೀಗೆ ನೇತು ಹಾಕಬೇಡಿ, ನಮ್ಮ ರಸ್ತೆಯ ಕುಲುಕಾಟಕ್ಕೆ ಕತ್ತು ಮುರಿಯುತ್ತದೆ. ಹೋಸ್ ಎಳೆದು ಬಾಡಿಗೆ ಕ್ಲಾಂಪ್ ಮಾಡಿಸಿ, ಆಗ ಅದಕ್ಕೆ ಬೇರೆ ಅರ್ಥಿಂಗ್ ವೈರ್ ಬೇಕಾಗಬಹುದು.

ಉಳಿದವು

ವೋಲ್ಟ್ ಮೀಟರ್ ಅಗ್ಗ, ಉಪಯೋಗ ಜಾಸ್ತಿ. ಎಂಜಿನ್ ಬಂದ್ ಇದ್ದಾಗ 12.6, ಓಡುವಾಗ 13.8ರಿಂದ 14.4. ಹೊಸ ಕಾರುಗಳ, ಬ್ಯಾಟರಿ ಚಾರ್ಜನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡುವ ಸ್ಮಾರ್ಟ್ ಆಲ್ಟರ್ನೇಟರ್‌ನಲ್ಲಿ ಏರಿಳಿತ ಸಹಜ. ಕರೆಂಟಿನ ಹರಿವು ಅಳೆಯುವ ಆಂಪ್ ಮೀಟರ್ ಬೇಡವೇ ಬೇಡ.

ಟರ್ಬೊ ಡೀಸೆಲ್‌ಗೆ ಬೂಸ್ಟ್ ಮೀಟರ್ (ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವುದು) ಇದ್ದರೆ ಪೈಪ್ ಸೋರುವುದು ತಿಳಿಯುತ್ತದೆ. ಎಂಜಿನ್ ಗಾಳಿ ಎಳೆಯುವ ಜೋರು ಅಳೆಯುವ, ಪೆಟ್ರೋಲ್ ಕಾರಿನ ವ್ಯಾಕ್ಯೂಮ್ ಮೀಟರಿನದೊಂದು ತಮಾಷೆ ಇದೆ. ಸಮುದ್ರದ ಮಟ್ಟದಲ್ಲಿ ಐಡಲ್‌ಗೆ 18ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುವುದು ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಬೆಳಗಾವಿ ಸುಮಾರು 2,500 ಅಡಿ ಎತ್ತರದಲ್ಲಿದೆ. ಪಣಜಿಯಿಂದ ಚೋರ್ಲಾ ಘಾಟ್ ಹತ್ತಿ ಬಂದ ಕಾರಿನಲ್ಲಿ ಎರಡೂವರೆ ಇಂಚು ಕಡಿಮೆ ಕಂಡರೆ ಎಂಜಿನ್ ಬಿಚ್ಚಿಸಬೇಡಿ!

ಕೂರಿಸುವಾಗ

ಸಾಮಾನ್ಯ ಅಳತೆ 52 ಮಿ.ಮೀ. ಗಾಜಿನ ಪಕ್ಕದ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅಲ್ಲಿ ಕೂಡದು, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೂ ಕೂಡದು. ಕೀ ಹಾಕಿದಾಗ ಮಾತ್ರ ಬರುವ ಕರೆಂಟ್, ಅದಕ್ಕೊಂದು ಬೇರೆ ಫ್ಯೂಸ್. ಮುಳ್ಳಿನ ಮೀಟರ್ ಆದರೆ ಇಡೀ ಡಬ್ಬಿಯನ್ನೇ ತಿರುಗಿಸಿ, ಸರಿಯಿದ್ದಾಗ ಎಲ್ಲ ಮುಳ್ಳೂ ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಕೂರಿಸಿ. ಓದುವ ಕೆಲಸವೇ ಇರುವುದಿಲ್ಲ, ಒಂದು ವಾಲಿದರೂ ಕಣ್ಣಿಗೆ ಬೀಳುತ್ತದೆ.

ಮೊದಲ ವಾರ ನಿಮ್ಮ ಕಾರಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಬೆಳಿಗ್ಗೆ, ಮಧ್ಯಾಹ್ನ, ಎಸಿ ಹಾಕಿದಾಗ. ನಾನು ಆ ಚೀಟಿಯ ಕೆಳಗೆ ಇನ್ನೆರಡು ಸಾಲು ಬರೆದು ಸನ್‌ವೈಸರ್ ಹಿಂದೆ ಅಂಟಿಸಿದ್ದೇನೆ. ಬಿಸಿ 110 ದಾಟಿದರೆ ಎಸಿ ಬಂದ್, ಹೀಟರ್ ಫುಲ್, ಪಕ್ಕಕ್ಕೆ ನಿಲ್ಲಿಸು, ಆರುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಆಯಿಲ್ ಪ್ರೆಶರ್ ಬಿದ್ದರೆ ಕಾರು ನಿಲ್ಲಿಸಿ ಆ ಕ್ಷಣವೇ ಕೀ ತಿರುಗಿಸಿ ಎಂಜಿನ್ ಬಂದ್ ಮಾಡು.