ಮುಂದಿನ ಬ್ರೇಕ್ ಮೇಲೆ ನಿಮ್ಮ ಬೆರಳು ಇರುತ್ತಾ?

ಗೆಳೆಯರೇ, ಹತ್ತು ವರ್ಷ ಬೈಕ್ ಓಡಿಸಿದರೂ ನಾನು ಹಿಂದಿನ ಬ್ರೇಕನ್ನೇ ನಂಬಿಕೊಂಡಿದ್ದೆ. ಅದು ಗೊತ್ತಾಗಿದ್ದು ಆಗುಂಬೆ ಘಾಟಿ ಇಳಿಯುವಾಗ. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಗಾಬರಿಯಲ್ಲಿ ಬಲಗಾಲು ಒತ್ತಿದೆ, ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಜಾರಿತು. ಮುಂದಿನ ಬ್ರೇಕಿನ ಮೇಲೆ ಬೆರಳೇ ಇರಲಿಲ್ಲ.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಚಕ್ರಕ್ಕೇ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೇವೆ, ಬೆರಳು ಹುಡುಕುತ್ತಾ ಕೂರೋಕೆ ಟೈಮ್ ಎಲ್ಲಿ?

ಭಾನುವಾರ ಬೆಳಿಗ್ಗೆ ಮಣ್ಣು, ಜಲ್ಲಿ ಇಲ್ಲದ ಖಾಲಿ ಜಾಗ ಹುಡುಕಿ. ಹೆಲ್ಮೆಟ್ ಹಾಕಿಕೊಂಡೇ ಹೋಗಿ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. 30ರ ವೇಗದಲ್ಲಿ ನೇರವಾಗಿ ಬಂದು, ಗೆರೆ ದಾಟುತ್ತಲೇ ಎರಡೂ ಬ್ರೇಕ್ ಹಿಡಿಯಿರಿ. ಮುಂದಿನದನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗಿ, ಒಮ್ಮೆಲೇ ಎಳೆಯಬೇಡಿ. ನಿಂತ ಕಡೆ ಒಂದು ಕಲ್ಲಿಡಿ. ವಾರ ಕಳೆದಂತೆ ಆ ಕಲ್ಲು ಗೆರೆಯ ಹತ್ತಿರ ಬರುತ್ತದೆ.

ಯಾರಿಗಾದರೂ ಹೇಳಿ ವಿಡಿಯೊ ಮಾಡಿಸಿ. ನನ್ನದರಲ್ಲಿ ಮೊಣಕೈ ಸೆಟೆದಿತ್ತು, ಕಣ್ಣು ಮುಂದಿನ ಚಕ್ರದ ಮೇಲಿತ್ತು. ಓಡಿಸುವಾಗ ಅದು ಗೊತ್ತೇ ಆಗಿರಲಿಲ್ಲ.