ಸೈಕಲ್ಲಿನ ಕಿರ್ರ್ ಶಬ್ದ ಹುಡುಕುವುದು ಹೇಗೆ

ಚಿತ್ರದುರ್ಗದ ಜೋಗಿಮಟ್ಟಿ ಏರು ಹತ್ತುವಾಗ ಆ ಶಬ್ದ ಮೊದಲ ಸಲ ಕೇಳಿತು. ಬಲಗಾಲು ಒತ್ತಿದಾಗಲೆಲ್ಲ ಕಿರ್ರ್, ಕಟಕ್. ದಾವಣಗೆರೆಯ ಮಟ್ಟಸ ರಸ್ತೆಯಲ್ಲಿ ಅದು ಇರಲೇ ಇಲ್ಲ. ಹಿಂದೆ ಬರುತ್ತಿದ್ದ ಮಗಳು, "ಅಪ್ಪಾಜಿ, ಪೆಡಲ್ ಹತ್ರಾನೇ ಬರ್ತಿದೆ" ಅಂದಳು. ನನಗೂ ಹಾಗೇ ಕೇಳಿಸಿತು. ಊರಿಗೆ ಬಂದು ಅಂಗಡಿಯಲ್ಲಿ ತೋರಿಸಿದೆ. ಬಾಟಮ್ ಬ್ರಾಕೆಟ್, ಅಂದರೆ ಎರಡು ಪೆಡಲಿನ ನಡುವೆ ಫ್ರೇಮಿನೊಳಗಿರುವ ಬೇರಿಂಗ್, ಹೋಗಿದೆ ಅಂದರು. 1,600 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮುಂದಿನ ಭಾನುವಾರ ಅದೇ ಏರು, ಅದೇ ಶಬ್ದ.

ನಾನು ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದವನು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಯಾವುದು ಸವೆದಿದೆ ಅಂತ ಹೇಳುತ್ತಿದ್ದೆವು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಅದನ್ನೇ ಮಾಡಿ ನೋಡಿದೆ. ಏನೂ ಸಿಗಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಸವೆದ ಬೇರಿಂಗ್ ಸುಮ್ನೆ ತಿರುಗಿದರೂ ಗರಗರ ಅನ್ನುತ್ತದೆ. ಕಿರ್ರ್ ಹಾಗಲ್ಲ. ಬಿಗಿಯಾಗಿ ಕೂತಿರಬೇಕಾದ ಎರಡು ಲೋಹಗಳು ಕೂದಲೆಳೆಯಷ್ಟು ಜರುಗಿದಾಗ ಬರುವ ಶಬ್ದ ಅದು. ಭಾರ ಬೀಳದೆ ಅವು ಜರುಗುವುದಿಲ್ಲ. ಮೇಲಾಗಿ ಫ್ರೇಮಿನ ಕೊಳವೆಗಳೆಲ್ಲ ಪೊಳ್ಳು. ಒಂದು ಕಡೆ ಹುಟ್ಟಿದ ಶಬ್ದ ಇನ್ನೊಂದು ಕಡೆಯಿಂದ ಬಂದ ಹಾಗೆ ಕೇಳುತ್ತದೆ.

ಹಾಗಾಗಿ ಎಲ್ಲಿ ಅಂತ ಹುಡುಕಲು ಹೋಗಬೇಡಿ. ಮೊದಲು ಯಾವಾಗ ಅಂತ ಗಮನಿಸಿ.

ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಹಾಗೇ ಹರಿಯಲು ಬಿಡಿ. ಆಗಲೂ ಶಬ್ದ ಬರುತ್ತಿದ್ದರೆ ಚಕ್ರ, ಸೀಟು, ಬಾಟಲಿ ಹಿಡಿಕೆ ಇವುಗಳ ಮೇಲೆ ಅನುಮಾನ ಇಡಿ. ಎದ್ದು ನಿಂತು ತುಳಿದಾಗ ನಿಂತುಹೋದರೆ ಸೀಟು, ಇಲ್ಲವೇ ಸೀಟನ್ನು ಹೊತ್ತ ಕಂಬ, ಸೀಟ್ ಪೋಸ್ಟ್. ಎದ್ದಾಗ ಜಾಸ್ತಿ ಆದರೆ ಪೆಡಲ್ ಒಂದನ್ನೇ ಬೈಯಬೇಡಿ, ಹ್ಯಾಂಡಲ್ ಕಡೆಯನ್ನೂ ನೋಡಿ. ಲಯವನ್ನೂ ಎಣಿಸಿ. ಪೆಡಲ್ ಒಂದು ಸುತ್ತಿಗೆ ಒಂದು ಸಲ ಬಂದರೆ ಪೆಡಲ್, ಅದು ಕೂರುವ ಕ್ರ್ಯಾಂಕ್ ತೋಳು, ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಬೋಲ್ಟ್ ನೋಡಿ. ಸುಮಾರು ಎರಡು ಸುತ್ತಿಗೊಮ್ಮೆ ಟಿಕ್ ಅಂದರೆ ಚೈನಿನ ಒಂದು ಕೊಂಡಿ ಬಿಗಿದುಕೊಂಡಿರಬಹುದು. 50 ಹಲ್ಲಿನ ಚೈನ್‌ರಿಂಗ್, 108 ಕೊಂಡಿಯ ಚೈನ್ ಇದ್ದರೆ ಅದೇ ಕೊಂಡಿ ಮತ್ತೆ ಮೇಲೆ ಬರಲು ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ ಬೇಕಲ್ವಾ?

ನನ್ನದು ಕೊನೆಗೆ ಮನೆಯ ಅಂಗಳದಲ್ಲಿ ಸಿಕ್ಕಿತು. ಸೈಕಲ್ ಪಕ್ಕ ನಿಂತು, ಮುಂದಿನ ಬ್ರೇಕ್ ಹಿಡಿದು, ಒಂದೊಂದೇ ಪೆಡಲನ್ನು ಕಾಲಿನಿಂದ ಒತ್ತಿದೆ. ಶಬ್ದ ಇಲ್ಲ. ಆಮೇಲೆ ಪೆಡಲ್ ಮುಟ್ಟದೆ, ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಜೋರಾಗಿ ಜಗ್ಗಿದೆ. ಕಿರ್ರ್! ಏರಿನಲ್ಲಿ ಪ್ರತಿ ತುಳಿತಕ್ಕೂ ನಾವು ಹ್ಯಾಂಡಲ್ ಎಳೆಯುತ್ತೇವೆ. ಅದಕ್ಕೇ ಆ ಶಬ್ದ ಪೆಡಲಿನ ಲಯದಲ್ಲೇ ಬರುತ್ತಿತ್ತು. ಮುಂದಿನ ಚಕ್ರ ಬಿಚ್ಚಿದೆ. ಆಕ್ಸಲ್ ಕೂರುವ ಫೋರ್ಕಿನ ತುದಿಯಲ್ಲಿ, ಚಕ್ರವನ್ನು ಬಿಗಿದಿಡುವ ಕ್ವಿಕ್ ರಿಲೀಸ್ ಲಿವರ್ ಒತ್ತಿಕೊಳ್ಳುವ ಜಾಗದಲ್ಲಿ ಕಪ್ಪು ಅಂಟು ದೂಳು. ಸುಗ್ಗಿಯಲ್ಲಿ ನಮ್ಮ ಕಡೆ ಮೆಕ್ಕೆಜೋಳವನ್ನು ರಸ್ತೆ ಮೇಲೇ ಒಣಗಿಸುತ್ತಾರೆ. ಆ ಹೊಟ್ಟು, ಎರೆಮಣ್ಣಿನ ದೂಳು, ನನ್ನ ಬೆವರು ಎಲ್ಲ ಅಲ್ಲಿ ಸೇರಿದ್ದವು. ಕಾಟನ್ ವೇಸ್ಟಿನಿಂದ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮತ್ತೆ ಬಿಗಿ ಮಾಡಿದೆ. ಶಬ್ದ ಹೋಯಿತು. ಬೆರಳ ತುದಿಯಷ್ಟು ಗ್ರೀಸಿನಲ್ಲಿ ಮುಗಿಯುವ ಕೆಲಸವಾಗಿತ್ತು.

ಜಾಗ ಗೊತ್ತಾಗದಿದ್ದರೆ ಖರ್ಚಿಲ್ಲದ ಕೆಲಸಗಳಿಂದ ಶುರು ಮಾಡಿ. ಒಂದು ಮಾಡಿ, ಓಡಿಸಿ ನೋಡಿ, ಆಮೇಲೆ ಇನ್ನೊಂದು. ಒಂದೇ ದಿನ ಎಲ್ಲ ಬಿಚ್ಚಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

ಎರಡೂ ಚಕ್ರದ ಕ್ವಿಕ್ ರಿಲೀಸ್ ಆದ ಮೇಲೆ ಸೀಟ್ ಪೋಸ್ಟ್. ಎತ್ತರಕ್ಕೆ ಟೇಪಿನ ಗುರುತು ಹಾಕಿ ಹೊರಗೆಳೆಯಿರಿ, ಕೊಳವೆಯ ಒಳಗನ್ನೂ ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಪೋಸ್ಟ್ ಅಥವಾ ಫ್ರೇಮ್ ಕಾರ್ಬನ್ ಆಗಿದ್ದರೆ ಗ್ರೀಸ್ ಬೇಡ. ಅದಕ್ಕೆ ಕಾರ್ಬನ್ ಪೇಸ್ಟ್ ಬೇರೆ ಸಿಗುತ್ತದೆ. ಸೀಟಿನ ಕೆಳಗಿನ ಎರಡು ಕಂಬಿಗಳನ್ನು ಹಿಡಿದಿರುವ ಕ್ಲ್ಯಾಂಪನ್ನೂ ಬಿಚ್ಚಿ ಒರೆಸಿ. ಮಗಳ ಸೈಕಲ್ಲಿನಲ್ಲಿ ಕಿರ್ರ್ ಅಂದದ್ದು ಅಲ್ಲೇ. ಬೋಲ್ಟ್ ಹತ್ತಿರ 5 ಅಥವಾ 6 ನ್ಯೂಟನ್ ಮೀಟರ್ (Nm, ಎಷ್ಟು ಬಿಗಿ ಮಾಡಬೇಕೆಂಬ ಅಳತೆ) ಅಂತ ಬರೆದಿದ್ದರೆ ಅಷ್ಟಕ್ಕೇ ನಿಲ್ಲಿಸಿ.

ಆಮೇಲೆ ಪೆಡಲ್. ಎಡಗಡೆ ಪೆಡಲಿಗೆ ಉಲ್ಟಾ ಮರೆ, ಅಂದರೆ ಉಲ್ಟಾ ಥ್ರೆಡ್. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಮರೆ ಒರೆಸಿ, ಗ್ರೀಸ್ ಹಾಕಿ, ಗಟ್ಟಿಯಾಗಿ ಬಿಗಿ ಮಾಡಿ. ಚೈನ್‌ರಿಂಗ್ ಬೋಲ್ಟುಗಳಿಗೂ ಇದೇ ಉಪಚಾರ. ಸ್ಪೋಕ್ ಒಂದನ್ನೊಂದು ದಾಟುವಲ್ಲಿ ಒಂದೊಂದು ಹನಿ ಎಣ್ಣೆ ಬಿಟ್ಟು ಒರೆಸಿ. ರಿಮ್ಮಿಗಾಗಲಿ ಡಿಸ್ಕಿಗಾಗಲಿ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಹುಷಾರು. ಬಾಟಮ್ ಬ್ರಾಕೆಟ್ ಕೊನೆಗಿರಲಿ.

ಇಷ್ಟೆಲ್ಲ ಮಾಡಿದರೂ ಶಬ್ದ ಉಳಿದರೆ ಸೈಕಲ್ ತೊಳೆದು, ಬೆಳಕಿನಲ್ಲಿ ಫ್ರೇಮ್ ನೋಡಿ. ಬಾಟಮ್ ಬ್ರಾಕೆಟ್ ಸುತ್ತ, ಸೀಟ್ ಕ್ಲ್ಯಾಂಪ್ ಕೆಳಗೆ, ಸ್ಟೆಮ್ ಹ್ಯಾಂಡಲನ್ನು ಹಿಡಿದಿರುವ ಕಡೆ ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಆ ಸೈಕಲ್ ಹತ್ತಬೇಡಿ. ತಳ್ಳಿಕೊಂಡೇ ಅಂಗಡಿಗೆ ಹೋಗಿ.